ಡ್ರಿಲ್ ಮೇಷ್ಟ್ರ ಪಿಸ್ತೂಲು

ಕಳೆದ ವಾರ ನನ್ನ ಹೆಂಡತಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆಗೆ ಎದುರುಮನೆಯ ಡ್ರಿಲ್ ಮೇಷ್ಟ್ರು ನೆನಪಾದರು. ತಮ್ಮ ಪಿಸ್ತೂಲಿಗೂ ಅವರು ಅದೇ ಎಣ್ಣೆ ಹಾಕುತ್ತಿದ್ದರು. ಭಾನುವಾರ ಬೆಳಗ್ಗೆ, ನಡುಮನೆಯಲ್ಲಿ, ಹಳೇ ಪಂಚೆಯ ತುಂಡು ಹಾಸಿಕೊಂಡು...

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ನನಗೆ ಡ್ರಿಲ್ ಕಲಿಸಿದವರು ಅವರು. ಮುಂದೆ ನಾನು ಕುಡುಮಲಕುಂಟೆಯ ಫ್ಯಾಕ್ಟರಿಗೆ ಸೇರಿ, ಅವರ ಎದುರುಮನೆಗೇ ಬಾಡಿಗೆಗೆ ಬಂದೆ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಗಂಡ, ಹೆಂಡತಿ, ಆ ಪಿಸ್ತೂಲು. ಯುದ್ಧದ ಕಾಲದಲ್ಲಿ ಅವರಪ್ಪ ಒಬ್ಬ ಬ್ರಿಟಿಷ್ ಅಧಿಕಾರಿಯ ಕಾರು ಓಡಿಸುತ್ತಿದ್ದರಂತೆ. ಆತ ಇಂಗ್ಲೆಂಡಿಗೆ ಹೊರಡುವಾಗ ಕೊಟ್ಟು ಹೋದದ್ದು. ಅದರ ಹಿಡಿ ಬಡಗಿಯ ಮೂಲೆಮಟ್ಟದ ಹಾಗೆ ನೆಟ್ಟಗೆ ಕೆಳಗಿಳಿದಿತ್ತು. ಲೈಸೆನ್ಸ್ ಇತ್ತು. ಎಲೆಕ್ಷನ್ ಬಂದಾಗಲೆಲ್ಲ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸುತ್ತಿದ್ದರು. ಎಲೆಕ್ಷನ್ ಮುಗಿದ ಮೇಲೆ ರಸೀದಿ ತೋರಿಸಿ ವಾಪಸ್ಸು ತರುತ್ತಿದ್ದರು.

ಒಮ್ಮೆ ಹಳೆಯ ಆಯುಧಗಳನ್ನು ಸಂಗ್ರಹಿಸುವವರೊಬ್ಬರು ಬೆಂಗಳೂರಿನಿಂದ ಬಂದರು. ಬಟ್ಟೆಯ ಗ್ಲೌಸ್ ಹಾಕಿಕೊಂಡು ಅದನ್ನು ತಿರುಗಿಸಿ ನೋಡಿದರು. ಒಂದು ಗುಂಡು ಹಾರಿದ ಮೇಲೆ ಮುಂದಿನದು ತಾನಾಗಿಯೇ ಏರುವಂಥ ಪಿಸ್ತೂಲನ್ನು ಇಂಗ್ಲೆಂಡಿನವರು ಮೊದಮೊದಲು ಮಾಡಿದಾಗಿನದು ಇದು, ಇಂಥವು ಉಳಿದಿರುವುದೇ ಬಹಳ ಕಡಿಮೆ ಎಂದರು. ಕೊಡುತ್ತೀರಾ ಎಂದು ಕೇಳಿದರು.

"ಅಪ್ಪ ಬಿಟ್ಟೋಗಿರೋದು ಇದೊಂದೇ ಸ್ವಾಮಿ. ಕಾಫಿ ಕುಡ್ಕೊಂಡು ಹೋಗಿ" ಎಂದರು ಮೇಷ್ಟ್ರು.

ಆಮೇಲೆ ಮೇಷ್ಟ್ರಿಗೆ ಮರೆವು ಶುರುವಾಯಿತು. ಮೊದಲು ಚಪ್ಪಲಿ ಬಿಟ್ಟ ಜಾಗ, ಆಮೇಲೆ ಬೀದಿ, ಆಮೇಲೆ ಜನ...

ಒಂದು ಬೆಳಗ್ಗೆ ನಾನು ಫ್ಯಾಕ್ಟರಿ ಬಸ್ಸಿಗೆ ಹೊರಟಿದ್ದಾಗ ಅವರ ಮನೆಯಿಂದ ಕೂಗು ಕೇಳಿಸಿತು. ಓಡಿದೆ. ಮೇಷ್ಟ್ರು ಹೆಂಡತಿಯ ಕಡೆಗೆ ಪಿಸ್ತೂಲು ಹಿಡಿದು ನಿಂತಿದ್ದರು.

"ಯಾರಮ್ಮ ನೀನು? ನಮ್ಮನೆ ಅಡುಗೆಮನೇಲಿ ಏನ್ ಮಾಡ್ತಿದ್ದೀಯ?"

"ನಾನೇ ಕಣ್ರೀ. ಉಪ್ಪಿಟ್ಟು ಆರೋಗ್ತದೆ, ಬನ್ನಿ" ಎನ್ನುತ್ತಿದ್ದರು ಆಕೆ. ಕೈಯಲ್ಲಿ ತಟ್ಟೆ ಹಾಗೇ ಇತ್ತು.

ಅದಕ್ಕೆ ಹಾಕುವ ಗುಂಡು ಸಿಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಅದು ಖಾಲಿ ಎಂದು ಆಕೆಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಬಾಗಿಲಲ್ಲೇ ನಿಂತೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಸಾರ್, ಎಲೆಕ್ಷನ್ ಬಂತು. ಪಿಸ್ತೂಲು ಸ್ಟೇಷನ್‌ಗೆ ಕೊಡ್ಬೇಕಂತೆ."

ಮೇಷ್ಟ್ರು ತಕ್ಷಣ ಕೈ ಇಳಿಸಿದರು. "ಮೊದ್ಲೇ ಹೇಳ್ಬಾರ್ದೇನೋ? ಅಂಗಿ ಇಸ್ತ್ರಿ ಆಗಿಲ್ವಲ್ಲೋ."

ಇಬ್ಬರೂ ಆಟೋದಲ್ಲಿ ಹೋದೆವು. ಪೇದೆಯೊಬ್ಬರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆ. ಅವರು ಪಿಸ್ತೂಲು ತೆಗೆದುಕೊಂಡು ರಸೀದಿ ಬರೆದುಕೊಟ್ಟರು. ಮೇಷ್ಟ್ರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮಾರನೆಯ ದಿನದಿಂದ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅವರು ಗೇಟಿನಲ್ಲಿ ನಿಂತಿರುತ್ತಿದ್ದರು.

"ಎಲೆಕ್ಷನ್ ಮುಗೀತೇನಪ್ಪ?"

"ಇನ್ನೂ ಇಲ್ಲ ಸಾರ್."

ಎರಡು ವರ್ಷ ಹೀಗೇ ನಡೆಯಿತು. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಆಮೇಲೆ ರೂಢಿಯಾಯಿತು. ನಡುವೆ ಒಂದು ನಿಜವಾದ ಎಲೆಕ್ಷನ್ನೂ ಬಂದು ಹೋಯಿತು.

ಒಂದು ದಿನ ಅವರು ಏನೂ ಕೇಳಲಿಲ್ಲ. ನೋಟ ಹಳೆಯ ಕಾಲದಂತೆ ನೇರವಾಗಿತ್ತು.

"ಯಾವ ಎಲೆಕ್ಷನ್ನೂ ಇಲ್ಲ ಅಂತ ನಂಗೊತ್ತು ಕಣೋ. ಅದು ಅಲ್ಲೇ ಇರ್ಲಿ. ನಾಳೆ ಮತ್ತೆ ಕೇಳ್ತೀನಿ. ನೀನು ಇಲ್ಲ ಅಂತಾನೇ ಹೇಳು."

ಮಾರನೆಯ ದಿನ ಕೇಳಿದರು. ಇಲ್ಲ ಎಂದೆ.

ಅವರು ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ. ಹೆಗಲು ಕೊಟ್ಟೆ, ಬಂದು ಸ್ನಾನ ಮಾಡಿದೆ, ಮರುದಿನ ಕೆಲಸಕ್ಕೆ ಹೋದೆ. ಕಾಗದಪತ್ರಗಳೆಲ್ಲ ಮುಗಿದ ಮೇಲೆ ಪಿಸ್ತೂಲು ಬೆಂಗಳೂರಿನ ಆ ಸಂಗ್ರಾಹಕರ ಪಾಲಾಯಿತು. ಮೇಷ್ಟ್ರ ಹೆಂಡತಿ ಮಂಡಿಕಲ್ಲಿನ ತಂಗಿಯ ಮನೆಗೆ ಹೋದರು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನ. ಬೆಳಗ್ಗೆ ಬಸ್ಸಿಗೆ ಹೊರಡುವಾಗ ಆ ಗೇಟಿನ ಮುಂದೆ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಬಸ್ಸು ಬರುತ್ತದೆ, ಹತ್ತುತ್ತೇನೆ.