ಮುಷ್ಟಿಯಲ್ಲಿದ್ದ ಸೆರಗು

ದಿನಸಿ ಅಂಗಡಿಯ ಕ್ಯಾಲೆಂಡರಿನ ಮುಂದೆ ನಿಂತರೆ ಎಲ್ಲರಿಗೂ ತಿಥಿ, ವಾರ, ನಕ್ಷತ್ರ ಕಂಡರೆ ನನಗೆ ಕಾಣುವುದು ಮೇಲಿನ ಚಿತ್ರದ ಲಕ್ಷ್ಮಿಯ ಬೆರಳುಗಳು. ಬೇಳೆ ಕೊಳ್ಳಲು ಬಂದವಳೆಂಬುದು ಅಷ್ಟರಲ್ಲಿ ಮರೆತೇಹೋಗಿರುತ್ತದೆ. ಈ ದುರಭ್ಯಾಸಕ್ಕೆ ನಾನಲ್ಲ, ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ನಮಗೆ ನರ್ಸಿಂಗ್ ಕಲಿಸಿದ ಸರೋಜಮ್ಮ ಮೇಡಂ ಹೊಣೆ.

ಒಂದು ದಿನ ಮೇಡಂ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಬೆಂಗಳೂರಿನ ಚಿತ್ರಶಾಲೆಗೆ ಕರೆದೊಯ್ದರು. ನಾವೋ, ಪಿಕ್‌ನಿಕ್ ಎಂದುಕೊಂಡು ಪುಳಿಯೋಗರೆ ಕಟ್ಟಿಕೊಂಡು, ಮಲ್ಲಿಗೆ ಮುಡಿದು ಹೊರಟ ಮಹಾರಾಣಿಯರು! ಅಲ್ಲಿ ನೋಡಿದರೆ ಒಂದೇ ಒಂದು ಚಿತ್ರದ ಮುಂದೆ ನೆಲದ ಮೇಲೆ ಕೂರಿಸಿಬಿಟ್ಟರು. ಹೊಸ್ತಿಲಲ್ಲಿ ಕುಳಿತ ಒಬ್ಬ ಹೆಂಗಸಿನ ಚಿತ್ರ. ಆಗಷ್ಟೇ ನಾಲ್ಕು ಕಾಯಿಲೆಗಳ ಹೆಸರು ಕಲಿತಿದ್ದ ನಾವು ಬಿಡುತ್ತೇವೆಯೇ? ಒಬ್ಬಳು ರಕ್ತಹೀನತೆ ಎಂದಳು. ನಾನು ಆ ಹಳದಿ ಮುಖ ಕಂಡು ಕಾಮಾಲೆಯೆಂದು ಘೋಷಿಸಿ ಪಥ್ಯವನ್ನೂ ಹೇಳಿಬಿಟ್ಟೆ.

“ಅದು ದೀಪದ ಬೆಳಕು ಕಣಮ್ಮ ತಾಯಿ,” ಎಂದರು ಮೇಡಂ. “ರೋಗದ ಹೆಸರು ಆಮೇಲೆ. ಏನ್ ಕಾಣ್ತಿದೆ, ಅದನ್ನ ಹೇಳ್ರೇ.”

ಹೊಟ್ಟೆ ತಾಳ ಹಾಕುತ್ತಿತ್ತು. ಕೊನೆಗೆ ನನ್ನ ಗೆಳತಿ, ಗುಬ್ಬಿಯ ಬಟ್ಟೆ ವ್ಯಾಪಾರಿಯ ಮಗಳು ಶಾಹೀನಾ, ಮೆಲ್ಲಗೆ ಅಂದಳು: “ನಗ್ತಾವ್ಳೆ ಮೇಡಂ. ಆದ್ರೆ ಸೆರಗನ್ನ ಮುಷ್ಟೀಲಿ ಮುದುರಿ ಹಿಡ್ಕೊಂಡವ್ಳೆ.”

ಮೇಡಂ ಮುಖ ಅರಳಿತು. ಪುಳಿಯೋಗರೆಗೆ ಅಪ್ಪಣೆಯಾಯಿತು. ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ.

ಕೆಲವು ವರ್ಷಗಳ ಬಳಿಕ ನಾನು ಕುಣಿಗಲ್ಲಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿದ್ದೆ. ಅಮೃತೂರು ಕಡೆಯ ಬಾಣಂತಿಯೊಬ್ಬಳು ಮನೆಗೆ ಹೊರಟು ನಿಂತಿದ್ದಳು. ಮಂಚದ ಸುತ್ತ ಮಾವ, ಭಾವ, ಮೈದುನ. “ಚೆನ್ನಾಗವ್ಳೆ ಬುಡಿ ಸಿಸ್ಟರಮ್ಮ, ಜೀಪ್ ಕಾಯ್ತಾ ಅದೆ,” ಎಂದು ಅತ್ತೆಯ ಅವಸರ. ಹುಡುಗಿಯೂ ನಕ್ಕು, “ಚೆನ್ನಾಗಿದೀನಿ ಕಣಕ್ಕ,” ಎಂದಳು.

ಸೆರಗು ಮುಷ್ಟಿಯಲ್ಲಿತ್ತು.

ಗಂಡಸರನ್ನೆಲ್ಲ ಹೊರಗಟ್ಟಿ ಸೀರೆ ಸರಿಸಿದರೆ, ಮಡಿಸಿಟ್ಟುಕೊಂಡ ಬಟ್ಟೆಗಳೆಲ್ಲ ರಕ್ತದಲ್ಲಿ ತೊಯ್ದಿದ್ದವು. ಅಷ್ಟು ಜನರ ಮುಂದೆ ಹೇಗೆ ಹೇಳಲಿ ಎಂದು ನಾಚಿ, ಆ ಹುಡುಗಿ ಸಾವನ್ನೇ ಮುಚ್ಚಿಟ್ಟುಕೊಂಡು ಜೀಪು ಹತ್ತಲು ಹೊರಟಿದ್ದಳು. ಡಾಕ್ಟರು ಓಡಿ ಬಂದರು. ಸಂಜೆಯವರೆಗೂ ಅವಳ ಕೈ ಹಿಡಿದೇ ಕೂತಿದ್ದೆ. ಕೊನೆಗೆ ರಕ್ತ ನಿಂತು ಬೆರಳುಗಳು ಸಡಿಲವಾದಾಗ ಅತ್ತುಬಿಟ್ಟೆ.

ಸರೋಜಮ್ಮ ಮೇಡಂ ಈಗಿಲ್ಲ. ಈ ಕಥೆಯನ್ನು ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಪುಳಿಯೋಗರೆ ತಡವಾಗಿದ್ದಕ್ಕೆ ಇನ್ನೂ ಕೋಪವೇನೇ?”

ಮೊನ್ನೆಯೂ ಕ್ಯಾಲೆಂಡರಿನ ಮುಂದೆ ನಿಂತಿದ್ದೆ. “ಏನ್ ಸಿಸ್ಟರ್, ಲಕ್ಷ್ಮಿಗೂ ನಾಡಿ ನೋಡ್ತೀರಾ?” ಎಂದು ಅಂಗಡಿಯವರು ನಕ್ಕರು. ದೇವಿಯ ಅಂಗೈ ಬಿಚ್ಚಿತ್ತು, ಬೆರಳುಗಳು ಸಡಿಲವಾಗಿದ್ದವು. ಚೆನ್ನಾಗಿದ್ದಾಳೆ ಎಂದು ನಿಶ್ಚಯಿಸಿಕೊಂಡು ಬೇಳೆ ಕೇಳಿದೆ.