ಕೌದಿಯ ಮೂಲೆಯ ರೊಟ್ಟಿ ಚೂರು

ಮಧ್ಯಾಹ್ನದ ಮೂರೂವರೆ ಗಂಟೆ. ಅಂಗಡಿಯಲ್ಲಿ ಯಾರಾದರೂ ಹೊಸ ಫ್ಲಾನಲ್ ಬಟ್ಟೆಯ ಮಡಿಕೆ ಬಿಚ್ಚಿದರೆ, ಆ ಗಂಜಿ ಬೆರೆತ ವಾಸನೆಗೆ ನನ್ನ ಕಣ್ಣು ಇಂದಿಗೂ ಮೊದಲು ಗೋಡೆಯ ಗಡಿಯಾರವನ್ನು ಹುಡುಕುತ್ತದೆ. ಮೂವತ್ತರ ದಶಕದ ಒಂದು ಮಾಗಿಯಲ್ಲಿ, ಯಲ್ಲಾಪುರ ಪೇಟೆಯ ನಮ್ಮ ಮನೆಯಲ್ಲಿ, ಸರಿಯಾಗಿ ಆ ಹೊತ್ತಿಗೆ ನನ್ನ ಎಳೆಯ ತಮ್ಮ ನಡುಗತೊಡಗಿದ್ದ. ಅವನ ಮೇಲೆ ಅದೇ ದಿನ ಹೊಲಿದು ಮುಗಿಸಿದ ಕೌದಿಯಿತ್ತು.

ಹೊಲಿದವಳು ಚಿಕ್ಕಪ್ಪನ ಹೆಂಡತಿ, ನೀಲವ್ವ ಚಿಕ್ಕಿ. ಹಾನಗಲ್ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಪ್ಪ ಗಾಡಿ ಹೊಡೆದುಕೊಂಡು ಶಿರಸಿಗೆ ಹೋದಾಗ ತಂದ ನೀಲಿ ಗೆರೆಯ ಫ್ಲಾನಲ್ ಮೇಲೆ, ನಮ್ಮ ತಾಯಿ ಆಯಿಯ ಹಳೆಯ ಸೀರೆಗಳು ಒಳಗೆ. ನಡುಮನೆಯಲ್ಲಿ ಹಾಸಿ, ಅದರ ಮೇಲೆಯೇ ಕಾಲು ಮಡಿಚಿ ಕುಳಿತು, ಅವಳು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಿದ್ದಳು. ದಾರ ಎಳೆದಾಗ ಬಟ್ಟೆ ಉಸಿರೆಳೆದಂಥ ಸದ್ದು, ಬಳೆಗಳು, ಬಾಯೊಳಗೇ ಏನೋ ಗುನುಗು. ಅದು ಹಾಡು ಎಂದೇ ನಾವು ತಿಳಿದಿದ್ದೆವು. ತಮ್ಮನಿಗೆ ಜ್ವರ ಬಂದ ಮೇಲೆ, ಅದು ಹಾಡೇ ಹೌದೋ, ಮಂತ್ರವೋ ಎಂದು ಅಜ್ಜಿ ಕೇಳಿದಳು.

ಮಾರನೆಯ ದಿನ ಜ್ವರವಿರಲಿಲ್ಲ. ಕೌದಿ ಬಿಸಿಲಿಗೆ ಬಿದ್ದಿತ್ತು. ಅದರ ಮರುದಿನ ಮತ್ತೆ ಹೊದಿಸಿದೆವು, ಅದೇ ಮೂರೂವರೆಗೆ ಮತ್ತೆ ನಡುಕ. ಅಜ್ಜಿ ಕೌದಿಯನ್ನು ಎಳೆದುಕೊಂಡು ಅದರ ಅಂಚನ್ನೆಲ್ಲ ಬೆರಳಿನಿಂದ ಹಿಸುಕುತ್ತ ಹೋದಳು. ಒಂದು ಮೂಲೆಯಲ್ಲಿ ಬೆರಳು ನಿಂತಿತು. ಕತ್ತರಿಯಿಂದ ಬಿಚ್ಚಿದಾಗ ಒಣಗಿದ ಜೋಳದ ರೊಟ್ಟಿಯ ಚೂರೊಂದು ನೆಲಕ್ಕೆ ಬಿತ್ತು.

"ಎಂತ ಇದು?"

"ರೊಟ್ಟಿ ರೀ ಅತ್ತಿ. ನಮ್ಮ ಕಡೆ ಕೌದಿ ಮುಗಸುವಾಗ ಮೂಲ್ಯಾಗ ಇಡತಾರ. ಕೌದಿ ಹಸದಿರಬಾರದಂತ."

"ಹಸಿವು ಕೌದಿಗೋ, ಅದರ ಕೆಳಗೆ ಮಲಗೋ ಕೂಸನ್ನ ತಿನ್ನೋಕೆ ಬಂದದ್ದಕ್ಕೋ? ಈ ಮನೇಲಿ ಜೋಳ ಎಲ್ಲಿತ್ತು?"

"ಅವ್ವ ಕಟ್ಟಿಕೊಟ್ಟ ಬುತ್ತಿದು ರೀ. ಕಡೀದು ಒಂದ ಉಳಿದಿತ್ತು," ಎಂದು ಚಿಕ್ಕಿ ಚೂರನ್ನು ಎತ್ತಿಕೊಳ್ಳಲು ಬಗ್ಗಿದಳು. ಅಜ್ಜಿ ಅದನ್ನು ಕಾಲಿನಿಂದ ದೂರ ತಳ್ಳಿದಳು.

ಆಮೇಲೆ ಚಿಕ್ಕಿ ಮಾಡಿದ್ದೆಲ್ಲ ನಮಗೆ ಬೇರೆಯಾಗಿ ಕಾಣತೊಡಗಿತು. ಬಾವಿಕಟ್ಟೆಯಲ್ಲಿ ಹೊತ್ತು ಮಾಡಿದರೆ ಏಕೆ? ತಮ್ಮ ಅತ್ತಾಗ ಬಾಗಿಲವರೆಗೆ ಬಂದು ನಿಲ್ಲುವುದೇಕೆ? ಅವಳ ಗಂಡನನ್ನೇ ಅಜ್ಜಿ ಇಡಗುಂದಿಗೆ ಅಟ್ಟಿದಳು, ಮಾಟ ತೆಗೆಯುವವನನ್ನು ಕರೆತರಲು. ಆತ ಬಂದ ಮೇಲೆ ಸುಡಬೇಕೆಂದು ಕೌದಿಯನ್ನು ಹಿತ್ತಲಿಗೆ ಎಸೆದಿದ್ದಾಯಿತು. ಜೊತೆಗೆ ಚಿಕ್ಕಿಯನ್ನೂ ತವರಿಗೆ ಗಾಡಿ ಹತ್ತಿಸುವ ಮಾತು ನಡೆದಿತ್ತು. ದವಾಖಾನೆಯ ಹೆಸರೆತ್ತಿದರೆ, "ಮೊದಲು ಅದು ಹೋಗ್ಲಿ, ಆಮೇಲೆ ಔಷಧ," ಎಂದು ಅಜ್ಜಿ ತಡೆಯುತ್ತಿದ್ದಳು.

ಮಾಟ ತೆಗೆಯುವವನು ಇನ್ನೂ ಬಂದಿರಲಿಲ್ಲ. ಒಂದು ದಿನ ಬಿಟ್ಟು ಗಡಿಯಾರದಲ್ಲಿ ಮತ್ತೆ ಮೂರೂವರೆ ಬಂತು. ಮೂರನೆಯ ಸಲದ ಆ ನಡುಕವನ್ನು ನಾನು ಈಗಲೂ ಮತ್ತೆ ಮತ್ತೆ ನೋಡುತ್ತೇನೆ: ತೊಟ್ಟಿಲಿನ ಹಗ್ಗ ಕೂಡ ಅದುರುತ್ತಿತ್ತು, ತಮ್ಮನ ತುಟಿ ನೇರಳೆ ಹಣ್ಣು ತಿಂದಂತೆ ಆಗಿತ್ತು. ಅತ್ತೆಯೆದುರು ಎಂದೂ ದನಿ ಎತ್ತದ ಆಯಿ ಎದ್ದು ನಿಂತಳು.

"ಕೌದಿ ಹಿತ್ತಲಲ್ಲಿ ಬಿದ್ಕಂಡಿದೆ. ಈಗ ನಡುಗಿಸ್ತಾ ಇರೋದು ಯಾರು, ಹೇಳಿ."

ಅಷ್ಟರಲ್ಲೇ ಚಿಕ್ಕಿ ಹಿತ್ತಲಿನಿಂದ ಕೌದಿಯನ್ನು ಕೊಡವಿಕೊಂಡು ಬಂದಳು. ಕೂಸನ್ನು ಅದರಲ್ಲೇ ಸುತ್ತಿ ಇಬ್ಬರೂ ದವಾಖಾನೆಗೆ ಓಡಿದರು, ಹಿಂದೆ ನಾನು. "ಇಷ್ಟು ದಿನ ಎಂತ ನೋಡ್ತಾ ಕೂತಿದ್ರಿ?" ಎಂದು ಬೈಯುತ್ತಲೇ ಕಂಪೌಂಡರ್ ಕ್ವಿನೈನ್ ಅರೆದ. "ಇನ್ನೊಂದು ನಡುಕ ಈ ಕೂಸು ತಡೀತಿರಲಿಲ್ಲ." ಈ ಜ್ವರ ಸೊಳ್ಳೆಯಿಂದ ಬರುತ್ತದೆ, ಕೌದಿ ಇದ್ದರೂ ಇಲ್ಲದಿದ್ದರೂ ದಿನ ಬಿಟ್ಟು ದಿನ ತನ್ನ ಹೊತ್ತಿಗೆ ಬಂದೇ ಬರುತ್ತದೆ ಎಂದು ಮುಂದೆ ಕಾಲೇಜಿನಲ್ಲಿ ಓದಿದೆ. ಓದಿದ್ದರಿಂದ ಗಡಿಯಾರದ ಭಯವೇನೂ ಹೋಗಲಿಲ್ಲ.

ಆ ಮನೆ ಈಗಿಲ್ಲ. ಅಜ್ಜಿಯೂ ಇಲ್ಲ, ಆಯಿಯೂ ಇಲ್ಲ. ಚಿಕ್ಕಪ್ಪ ಮುಂದೆ ಮುಂಡಗೋಡದಲ್ಲಿ ಬೇರೆ ಮನೆ ಮಾಡಿದ. ಅಲ್ಲಿ ಚಿಕ್ಕಿ ಊರಿನ ಎಷ್ಟೋ ಬಾಣಂತಿಯರಿಗೆ ಕೌದಿ ಹೊಲಿದುಕೊಟ್ಟಳಂತೆ. ನಮ್ಮ ಮನೆಯಲ್ಲಿ ಮಾತ್ರ ಅವಳು ಮತ್ತೆ ಸೂಜಿ ಹಿಡಿದದ್ದನ್ನು ನಾನು ಕಾಣಲಿಲ್ಲ.

ಜ್ವರ ಬರಬೇಕಾದ ಹೊತ್ತು ಬರಿದೇ ದಾಟಿಹೋದ ದಿನ, ತಡವಾಗಿ ಬಂದ ಇಡಗುಂದಿಯವನಿಗೆ ಬರೀ ಊಟ ಹಾಕಿ ಕಳಿಸಿ, ಸಂಜೆ ಅಜ್ಜಿ ಕೌದಿಯ ಆ ಬಿಚ್ಚಿದ ಮೂಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು.

"ನಮ್ಮಲ್ಲಿ ಜೋಳ ಇಲ್ಲ. ಅಕ್ಕಿ ಆಗ್ತದಾ?"

"ಆಗತೈತ್ರಿ," ಎಂದಳು ಚಿಕ್ಕಿ. ಸೂಜಿಗೆ ಕೈ ಚಾಚಲಿಲ್ಲ. ಒಂದು ಚಿಟಿಕೆ ಅಕ್ಕಿ ಇಟ್ಟು ಅಜ್ಜಿಯೇ ಸೊಟ್ಟಸೊಟ್ಟಗೆ ಹೊಲಿದಳು. ಆ ರಾತ್ರಿ ತಮ್ಮ ಒಮ್ಮೆಯೂ ಏಳಲಿಲ್ಲ. ನಾವೂ ಬೆಳಗಿನವರೆಗೆ ಮೈಮರೆತು ಮಲಗಿದೆವು. ಎದ್ದು ನೋಡಿದಾಗ ಚಿಕ್ಕಿ ತೊಟ್ಟಿಲಿನ ಪಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಚಾಪೆ, ಹಿಂದಿನ ದಿನ ಸುತ್ತಿಟ್ಟ ಹಾಗೆಯೇ, ಮೂಲೆಯಲ್ಲಿ ನಿಂತಿತ್ತು.