ಟಿಟ್ಟಿಭದ ನಾಲ್ಕು ತತ್ತಿಗಳು

ಗೆಳೆಯರನ್ನು ಕಟ್ಟಿಕೊಂಡು ಹಕ್ಕಿ ನೋಡಲು ಹೋಗಬಾರದು ಎಂಬುದು ಶನಿವಾರ ಬೆಳಿಗ್ಗೆ ಏಳು ಗಂಟೆಗೇ ನನಗೆ ಖಾತ್ರಿಯಾಗಿತ್ತು.

ನಾನು ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ಮೂರು ವರ್ಷದಿಂದ ಒಬ್ಬನೇ ದುರ್ಬೀನು ಹಿಡಿದು ತಿರುಗುತ್ತಿದ್ದೆ. ಈ ಬೇಸಿಗೆ ರಜೆಯಲ್ಲಿ ಕಾಲೇಜಿನ ಇಬ್ಬರು ಹಳೆಯ ಗೆಳೆಯರು ತಾವೂ ಬರುತ್ತೇವೆಂದು ಹಟ ಹಿಡಿದರು. ಒಬ್ಬ ಅಥಣಿ ಕಡೆಯ ದ್ರಾಕ್ಷಿ ತೋಟದ ಧಣಿ. ಇನ್ನೊಬ್ಬನದು ನಿಪ್ಪಾಣಿಯಲ್ಲಿ ಫೋಟೋ ಸ್ಟುಡಿಯೋ. ಮೊಳದುದ್ದದ ಹೊಸ ಲೆನ್ಸ್ ತೆಗೆದುಕೊಂಡಿದ್ದ, ಮದುವೆ ಮನೆಯಲ್ಲಿ ಅದಕ್ಕೆ ಕೆಲಸವಿರಲಿಲ್ಲ.

ಏಕಸಂಬಿಯ ಆಚೆ ದೂಧಗಂಗೆಯ ದಂಡೆಗೆ ಸೂರ್ಯ ಹುಟ್ಟುವ ಮೊದಲೇ ಮುಟ್ಟಬೇಕೆಂದು ಮೂರು ಸಲ ಹೇಳಿದ್ದೆ. ತೋಟದವನ ಜೀಪು ಬಂದದ್ದೇ ಬಿಸಿಲೇರಿದ ಮೇಲೆ. ದಾರಿಯಲ್ಲಿ ಮಿಸಳ್ ಅಂಗಡಿ ಕಂಡೊಡನೆ ನಿಲ್ಲಿಸಿದ. ನಾನು ಗೊಣಗಿದಾಗ, "ಏ ಮಾಸ್ತರ, ಹಕ್ಕಿ ಎಲ್ಲಿ ಹೊಕ್ಕಾವ ಬಿಡ. ಮೊದ್ಲ ನಾಷ್ಟಾ ಮಾಡೂಣು" ಎಂದು ಇಳಿದೇಬಿಟ್ಟ.

ಹೊಳೆಗೆ ಮುಟ್ಟಿದಾಗ ಒಂದು ಮಿಂಚುಳ್ಳಿ ಬಗ್ಗಿದ ಕೊಂಬೆಯ ಮೇಲೆ ಕೂತು ನೀರನ್ನೇ ನೋಡುತ್ತಿತ್ತು. ಉಸಿರು ಬಿಗಿಹಿಡಿದು ಕೈಸನ್ನೆ ಮಾಡಿದೆ. ಅಷ್ಟರಲ್ಲಿ ತೋಟದವನ ಫೋನು ರಿಂಗಣಿಸಿತು.

"ಹಲೋ! ಹಾಂ, ಹೊಳಿ ದಂಡಿಗಿ ಅದೀನಿ. ಹಕ್ಕಿ ನೋಡಾಕ ಬಂದೇವಿ. ಏ, ಹುಚ್ಚ ಹಿಡದಿಲ್ಲಲೇ! ಹಕ್ಕಿ, ಹಕ್ಕಿ!"

ಮಿಂಚುಳ್ಳಿ ಹೋಯಿತು. ಕೆಳಗಿದ್ದ ಬೆಳ್ಳಕ್ಕಿಗಳೂ ಎದ್ದವು. ಸ್ಟುಡಿಯೋದವನು "ಥಾಂಬ, ಥಾಂಬ!" ಎಂದು ಮರಾಠಿಯಲ್ಲಿ ಹಕ್ಕಿಗಳಿಗೇ ನಿಲ್ಲಲು ಹೇಳುತ್ತ ಕ್ಯಾಮೆರಾ ಎತ್ತಿಕೊಂಡು ಓಡಿದ, ಮೊಳಕಾಲ ಮಟ ಕೆಸರಿಗಿಳಿದ. ಅವನನ್ನು ಎಳೆದು ತೆಗೆಯುವುದರಲ್ಲಿ ಅರ್ಧ ತಾಸು. ತೋಟದವನು ಬಿದ್ದು ಬಿದ್ದು ನಕ್ಕ. "ನನ್ನ ದ್ರಾಕ್ಷಿ ಪಡಾಕ ಹಕ್ಕಿ ಬಂದ್ರ ಪಟಾಕಿ ಹಚ್ಚಿ ಓಡಸ್ತೀನಿ. ಇಲ್ಲಿ ಅವನ್ನ ನೋಡಾಕ ಡೀಸೆಲ್ ಸುಟಗೊಂಡು ಬಂದೀನಿ ನೋಡ" ಎಂದ. ಆ ದಿನ ಮನೆಗೆ ಬಂದ ನಾನು ಹೆಂಡತಿಯ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಭಾನುವಾರ ನಾನೇ ಕಟ್ಟಳೆ ಹಾಕಿದೆ. ಫೋನು ಬಂದ್, ಮಾತು ಬಂದ್, ನಾನು ಹೇಳಿದಲ್ಲಿ ಮಾತ್ರ ಕಾಲಿಡಬೇಕು. ಹುಡುಗರಿಗೆ ಹೇಳುವ ಧಾಟಿಯಲ್ಲೇ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು "ಹೂಂ" ಎಂದರು. ಕಬ್ಬೂರು ದಾಟಿ ಪಾಲಬಾವಿಯ ಹತ್ತಿರ ಕುರಿ ಮೇಯುವ ಬಯಲಿಗೆ ಹೋದೆವು. ಕಲ್ಲುನೆಲ, ಅಲ್ಲಲ್ಲಿ ಜಾಲಿ, ದೂರದಲ್ಲಿ ಒಬ್ಬ ವಯಸ್ಸಾದ ಕುರಿಗಾಹಿ ಹೆಂಗಸು.

ಜೀಪು ಇಳಿಯುತ್ತಲೇ ಒಂದು ಟಿಟ್ಟಿಭ ಕಿರುಚುತ್ತ ನಮ್ಮ ತಲೆಯ ಮೇಲೆ ಸುತ್ತತೊಡಗಿತು. ಮೇಲೇರಿ ಮತ್ತೆ ಮುಖದ ಹತ್ತಿರಕ್ಕೇ ಎರಗುತ್ತಿತ್ತು. ಹತ್ತಿರದಲ್ಲಿ ಗೂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನೇ ತರಗತಿಯಲ್ಲಿ ಇದನ್ನು ಹೇಳಿದ್ದೇನೆ. ಆದರೆ ಸ್ಟುಡಿಯೋದವನು ಮುಂದೆ ನುಗ್ಗಿದ. ನನ್ನ ತಲೆ ಕೆಟ್ಟಿತು. "ಎಷ್ಟ ಸಲ ಹೇಳಬೇಕೋ ನಿಮಗ! ಒಂದ ಕಡೆ ನಿಲ್ಲಾಕ ಬರೂದಿಲ್ಲೇನು?" ಎಂದು ಒದರುತ್ತ, ದುರ್ಬೀನಿನಲ್ಲಿ ಹಕ್ಕಿಯನ್ನೇ ಹಿಂಬಾಲಿಸುತ್ತ, ಎರಡು ಹೆಜ್ಜೆ ಹಿಂದೆ ಸರಿದೆ.

ಕಾಲಡಿಯಲ್ಲಿ ಏನೋ ಚಿಟ್ ಎಂದಿತು.

ಬರೀ ಕಲ್ಲುಹರಳೆಂದು ಕಂಡ ನೆಲದಲ್ಲಿ, ಅದೇ ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ತತ್ತಿಗಳಿದ್ದವು. ಈಗ ಮೂರು. ನಾಲ್ಕನೆಯದರ ಲೋಳೆ ನನ್ನ ಬೂಟಿಗೆ ಅಂಟಿತ್ತು.

ಆ ಹೆಂಗಸು ಕೋಲು ಊರಿಕೊಂಡು ಸರಸರ ಬಂದಳು. ನೆಲ ನೋಡಿದಳು, ನನ್ನ ಬೂಟು ನೋಡಿದಳು. "ಏನ್ರೀ ಇದು? ಕಣ್ಣಿಗಿ ಅಷ್ಟ ದೊಡ್ಡದ ಹಚಗೊಂಡೀರಿ, ಕಾಲ ಬುಡಕ ನೋಡೂದಿಲ್ಲೇನ್ರಿ? ನನ್ನ ಕುರಿ ಸೈತ ಇದನ್ನ ತುಳದಿಲ್ಲ."

"ತಪ್ಪಾತ್ರಿ ಯವ್ವಾ" ಎಂದೆ.

"ನನಗೇನ್ ಹೇಳ್ತೀರಿ? ಹೊಳ್ಳಿ ಹೋಗ್ರಿ ಮೊದ್ಲ. ನೀವು ಹ್ವಾದ್ರ ಅದು ಬರತೈತಿ."

ಜೀಪನ್ನು ದೂರದ ಬೇವಿನ ಮರದ ಕೆಳಗೆ ಒಯ್ದು ಕೂತೆವು. ಎರಡು ದಿನ ಬೈಸಿಕೊಂಡವರು ಈಗ ನನ್ನನ್ನು ಎತ್ತಿ ಆಡಬಹುದಿತ್ತು. ಆಡಲಿಲ್ಲ, ಅದರಿಂದ ಇನ್ನಷ್ಟು ಕಿರಿಕಿರಿಯಾಯಿತು. ಸ್ಟುಡಿಯೋದವನು ಕ್ಯಾಮೆರಾದ ಪರದೆ ತೋರಿಸಿದ. ನಾನು ತುಳಿಯುವ ಮುಂಚಿನ ಕ್ಷಣ ಅವನು ಹಿಂದೆ ತಿರುಗಿ ಹಕ್ಕಿಯ ಫೋಟೋ ತೆಗೆದಾಗ ಕೆಳಗಿನ ಮೂಲೆಯಲ್ಲಿ ನನ್ನ ಬೂಟೂ ನಾಲ್ಕು ತತ್ತಿಗಳೂ ಬಂದುಬಿಟ್ಟಿದ್ದವು.

"ಅಳಸಲೇನು?" ಎಂದ.

"ಬ್ಯಾಡ. ನನಗ ಕಳಸ."

ಎಷ್ಟೋ ಹೊತ್ತಿನ ಮೇಲೆ ಟಿಟ್ಟಿಭ ಓಡೋಡಿ ಬಂತು. ಒಡೆದ ಸಿಪ್ಪೆಯನ್ನು ಕೊಕ್ಕಿನಲ್ಲಿ ಎತ್ತಿ ದೂರ ಹಾಕಿ ಬಂದು, ಉಳಿದ ಮೂರರ ಮೇಲೆ ಕೂತಿತು. ತೋಟದವನು ದುರ್ಬೀನಿನಿಂದ ಕಣ್ಣು ತೆಗೆಯದೆ, "ಕುಂತ್ತು, ಮಾಸ್ತರ, ಕುಂತ್ತು" ಎಂದು ಗಟ್ಟಿಯಾಗಿಯೇ ಹೇಳಿದ. ನಾನು ಸುಮ್ಮನಿರು ಎನ್ನಲಿಲ್ಲ.

ಮುಂದಿನ ವಾರಗಳಲ್ಲಿ ಒಬ್ಬನೇ ಬೈಕಿನಲ್ಲಿ ಎರಡು ಸಲ ಹೋಗಿ, ರಸ್ತೆಯಿಂದಲೇ ನೋಡಿ ಬಂದೆ. ಹಕ್ಕಿ ಕೂತೇ ಇತ್ತು. ಮೂರನೆಯ ಸಲ ಹೋದಾಗ ಜಾಗ ಖಾಲಿ. ಕುರಿ ಹೊಡೆದುಕೊಂಡು ಬರುತ್ತಿದ್ದ ಅದೇ ಹೆಂಗಸು ನನ್ನ ಗುರುತು ಹಿಡಿದಳು.

"ಮರಿ ಆಗ್ಯಾವ್ರಿ. ನಿನ್ನೆನ ಎದ್ದು ಓಡಾಡಾಕತ್ತಾವ. ಅಲ್ಲಿ ನೋಡ್ರಿ, ಮೂರು."

ನೋಡಿದೆ. ಬರೀ ಕಲ್ಲು.

"ಅಲ್ಲಲ್ರಿ, ಈ ಕಡೆ. ಜಾಲಿ ಬುಡಕ. ಅಯ್ಯ, ಎದುರಿಗೇ ಅದಾವಲ್ರಿ!" ಅವಳ ತಾಳ್ಮೆ ಕೆಟ್ಟಿತ್ತು. ಶಾಲೆ ಕಲಿಸುವವನಿಗೆ ಇಷ್ಟೂ ಕಾಣುವುದಿಲ್ಲವೇ ಎಂಬಂತೆ ಕೋಲಿನಿಂದ ಮತ್ತೆ ಮತ್ತೆ ತೋರಿಸಿದಳು. ಕೊನೆಗೆ ಒಂದು ಕಲ್ಲು ಎದ್ದು ನಾಲ್ಕು ಹೆಜ್ಜೆ ಓಡಿ ಮತ್ತೆ ಕಲ್ಲಾಯಿತು.

ನನಗೆ ಕಂಡದ್ದು ಅದೊಂದೇ. ಇನ್ನೆರಡನ್ನು ಅವಳ ಮಾತಿನ ಮೇಲೆ ನಂಬಿ ಮನೆಗೆ ಬಂದೆ.